ಚೌಕ ಹೆಣೆಯಲು ಕುಳಿತರೆ ತ್ರಿಕೋನ ಏಕಾಗುತ್ತದೆ?

ಪ್ರಶ್ನೆ: ಮೇಡಂ, ಒಂದು ತಿಂಗಳಿನಿಂದ ವಿಡಿಯೊ ನೋಡಿ ಕ್ರೋಶಾ, ಅಂದರೆ ಕೊಕ್ಕೆಯ ಕಡ್ಡಿಯಿಂದ ದಾರ ಹೆಣೆಯುವುದನ್ನು, ಕಲಿಯುತ್ತಿದ್ದೇನೆ. ಚೈನ್ (ಕುಣಿಕೆಗಳ ಸರಪಳಿ) ಹಾಕಲು ಬರುತ್ತದೆ. ಆದರೆ ಮುಂದಿನ ಸಾಲಿಗೆ ಹೋದಾಗ ಕಡ್ಡಿಯನ್ನು ಎಲ್ಲಿ ತೂರಿಸಬೇಕೆಂದೇ ತಿಳಿಯುವುದಿಲ್ಲ. ಕೆಲವು ಕಡೆ ಚೈನ್ ಎಷ್ಟು ಬಿಗಿಯಾಗಿರುತ್ತದೆಂದರೆ ಕಡ್ಡಿ ಒಳಗೇ ಹೋಗುವುದಿಲ್ಲ. 20 ಸ್ಟಿಚ್‌ಗಳಿಂದ ಆರಂಭಿಸಿದ ಚೌಕ ಹತ್ತು ಸಾಲು ಮುಗಿಯುವಷ್ಟರಲ್ಲಿ 13ಕ್ಕೆ ಇಳಿದು ತ್ರಿಕೋನದಂತಾಗಿದೆ. ಸಾಲದ್ದಕ್ಕೆ ಒಬ್ಬರು ಡಬಲ್ ಕ್ರೋಶಾ ಎಂದು ತೋರಿಸಿದ್ದನ್ನೇ ಇನ್ನೊಬ್ಬರು ಟ್ರೆಬಲ್ ಎನ್ನುತ್ತಾರೆ. ಯಾವ ಸ್ಟಿಚ್ ಮೊದಲು ಕಲಿಯಬೇಕು, ಯಾವುದು ಆಮೇಲೆ? ಅಥವಾ ನನ್ನ ಕೈಗೆ ಇದು ಹತ್ತುವುದೇ ಇಲ್ಲವೇ?

ಉತ್ತರ: ನಿಮ್ಮ ಕೈಗೆ ಏನೂ ಆಗಿಲ್ಲ. ಚೈನ್ ಹಾಕಲು ಬಂದ ಕೈಗೆ ಕ್ರೋಶಾದ ಮುಕ್ಕಾಲು ಕೆಲಸ ಆಗಲೇ ಬಂದಿದೆ. ಇನ್ನು ಕಲಿಯಬೇಕಾದದ್ದು ಕಣ್ಣು. ಹೆಣೆದದ್ದನ್ನು ನೋಡಿ ‘ಇದು ಒಂದು ಸ್ಟಿಚ್, ಇದು ಅದರ ತಲೆ, ಇದು ಅದರ ಕಾಲು’ ಎಂದು ಬೆರಳಿಟ್ಟು ತೋರಿಸಲು ಬಂದ ದಿನ ನಿಮ್ಮ ತುಂಡು ತ್ರಿಕೋನವಾಗುವುದನ್ನು ನಿಲ್ಲಿಸುತ್ತದೆ. ವಿಡಿಯೊಗಳಲ್ಲಿ ಕೈ ಚೆನ್ನಾಗಿ ಕಾಣುತ್ತದೆ. ಆ ಕೈಯ ಒಡತಿ ಎಲ್ಲಿ ನೋಡುತ್ತಿದ್ದಾಳೆ ಎಂಬುದು ಕಾಣುವುದಿಲ್ಲ. ಹಾಗಾಗಿ ಈ ಉತ್ತರದಲ್ಲಿ ನೋಡುವ ಪಾಠವೇ ಹೆಚ್ಚು ಇರುತ್ತದೆ.

20 ಇದ್ದದ್ದು 13 ಆಯಿತು ಎಂದು ಓದಿ ನನಗೆ ನನ್ನ ಮೊದಲ ತುಂಡು ನೆನಪಾಯಿತು. ಮಫ್ಲರ್ ಹೆಣೆಯುವ ಹಂಬಲ, ಕೈಯಲ್ಲಿ ಕಪ್ಪು ಬಣ್ಣದ, ಮೈತುಂಬ ರೋಮವೆದ್ದ ಉಲ್ಲನ್. ಗೇಣುದ್ದ ಆಗುವಷ್ಟರಲ್ಲಿ ಅದು ಪತಾಕೆಯಂತೆ ಚೂಪಾಗಿತ್ತು. ಎಲ್ಲಿ ತಪ್ಪಿದೆ ಎಂದು ಹುಡುಕೋಣವೆಂದರೆ ಆ ಕಪ್ಪು ರೋಮದ ಕಾಡಿನಲ್ಲಿ ಒಂದು ಸ್ಟಿಚ್ಚಾದರೂ ಕಂಡರೆ ತಾನೇ?

ಆದ್ದರಿಂದ ದಾರದ ಮಾತನ್ನು ಮೊದಲೇ ಮುಗಿಸಿಬಿಡೋಣ. ಕಲಿಯುವವರ ದಾರ ತಿಳಿಬಣ್ಣದ್ದಾಗಿರಲಿ, ನುಣುಪಾಗಿರಲಿ, ದಪ್ಪ ನಡುವಣದ್ದಿರಲಿ. ಅನೇಕ ಉಂಡೆಗಳಿಗೆ ಸುತ್ತಿದ ಕಾಗದದ ಪಟ್ಟಿಯ ಮೇಲೆ 0ಯಿಂದ 7ರವರೆಗಿನ ಒಂದು ಅಂಕಿ ಇರುತ್ತದೆ. ಅದು ದಾರದ ದಪ್ಪ. 4 ಎಂದಿರುವುದನ್ನು ಆರಿಸಿ. ಅದಕ್ಕೆ 5 ಅಥವಾ 5.5 ಮಿಲಿಮೀಟರಿನ ಕಡ್ಡಿ ಒಪ್ಪುತ್ತದೆ. ಹತ್ತಿ ದಾರ ಹಿಗ್ಗುವುದಿಲ್ಲವಾದ್ದರಿಂದ ಬೆರಳಿಗೆ ತುಸು ಗಡುಸು ಎನಿಸುತ್ತದೆ, ಆದರೆ ಒಂದೊಂದು ಸ್ಟಿಚ್ ಕೆತ್ತಿದಂತೆ ಕಾಣುತ್ತದೆ. ಅಕ್ರಿಲಿಕ್ ಕೈಗೆ ಮೆತ್ತಗೆ, ಬಿಚ್ಚಿ ಬಿಚ್ಚಿ ಹೆಣೆಯಲು ಅಗ್ಗ. ಎರಡೂ ನಡೆಯುತ್ತದೆ. ಹೊಸಬರು ‘ಸಣ್ಣ ದಾರದಲ್ಲಿ ಲೇಸು ಹೆಣೆಯುತ್ತೇನೆ’ ಎಂದು ಹೊರಡುವುದನ್ನು ಮಾತ್ರ ನಾನು ಯಾವತ್ತೂ ಒಪ್ಪಿಲ್ಲ. ಲೇಸಿನ ದಾರಕ್ಕೆ 2 ಮಿಲಿಮೀಟರಿಗೂ ಸಣ್ಣದಾದ ಉಕ್ಕಿನ ಕಡ್ಡಿ ಬೇಕು, ಅದರಲ್ಲಿ ತಪ್ಪು ಹುಡುಕುವುದು ಪಳಗಿದವರಿಗೇ ಕಷ್ಟ. ಕಡ್ಡಿ ಕೊಳ್ಳುವಾಗ ಅದರ ಮೇಲಿನ ಮಿಲಿಮೀಟರ್ ಅಳತೆಯನ್ನೇ ನಂಬಿ. ಅಕ್ಷರಗಳ ಗುರುತು, ನಂಬರುಗಳ ಗುರುತು ಎಂದು ಬೇರೆ ಬೇರೆ ಪದ್ಧತಿಗಳಿವೆ. ಅಮೆರಿಕದ ಉಕ್ಕಿನ ಕಡ್ಡಿಗಳಲ್ಲಂತೂ ನಂಬರು ದೊಡ್ಡದಾದಷ್ಟೂ ಕಡ್ಡಿ ಸಣ್ಣದು.

ಈಗ ಆ ಕಡ್ಡಿಯನ್ನೇ ಬೆಳಕಿಗೆ ಹಿಡಿದು ನೋಡಿ, ನಿಮ್ಮ ಬಿಗಿ ಚೈನಿನ ಗುಟ್ಟು ಅಲ್ಲೇ ಇದೆ. ತುದಿಯಲ್ಲಿ ಕೊಕ್ಕೆ, ಅದರ ಕೆಳಗೆ ಸಣ್ಣಗಾದ ಕತ್ತು, ಅದರ ಕೆಳಗೆ ಒಂದೇ ದಪ್ಪದ ಮೈ. 5 ಮಿಲಿಮೀಟರ್ ಎಂದರೆ ಆ ಮೈಯ ಅಳತೆ, ಕತ್ತಿನದಲ್ಲ. ಹೊಸಬರ ಕುಣಿಕೆಗಳೆಲ್ಲ ಕತ್ತಿನಲ್ಲೇ ಸಿಕ್ಕಿಕೊಂಡಿರುತ್ತವೆ. ಜಾರಿಹೋದೀತೆಂಬ ಭಯಕ್ಕೆ ದಾರವನ್ನು ಎಳೆದು ಬಿಗಿಮಾಡುತ್ತಾರೆ, ಕುಣಿಕೆ ಕತ್ತಿನ ಅಳತೆಗೇ ಕುಗ್ಗುತ್ತದೆ. ಮುಂದಿನ ಸಾಲಿನಲ್ಲಿ ಕೊಕ್ಕೆ ಹೋಗುವುದಿಲ್ಲ. ಪ್ರತಿ ಕುಣಿಕೆಯನ್ನೂ ಮೈಯ ಮೇಲಕ್ಕೆ ಜಾರಿಸಿ, ಅಲ್ಲಿ ಸಡಿಲವಾಗಿ ಕೂರಲು ಬಿಡಿ, ಆಮೇಲೆ ಮುಂದಿನದಕ್ಕೆ ಹೋಗಿ. ಇಷ್ಟಾದರೂ ಬಿಗಿಯೇ ಎನಿಸಿದರೆ ಬುಡದ ಚೈನನ್ನು ಮಾತ್ರ ಒಂದು ಅಳತೆ ದೊಡ್ಡ ಕಡ್ಡಿಯಲ್ಲಿ ಹಾಕಿ, ಉಳಿದದ್ದಕ್ಕೆ ಮಾಮೂಲಿ ಕಡ್ಡಿಗೆ ಬನ್ನಿ. ಬುಡ ಬಿಗಿಯಾದರೆ ತುಂಡು ಕೆಳಗೆ ಕಿರಿದಾಗಿ ಮೇಲೆ ಬೀಸಣಿಗೆಯಂತೆ ಹರಡುವ ತೊಂದರೆಯೂ ಇದರಿಂದ ತಪ್ಪುತ್ತದೆ.

ಕಡ್ಡಿಯನ್ನು ಪೆನ್ಸಿಲಿನಂತೆ ಹಿಡಿಯಬೇಕೋ ಚಾಕುವಿನಂತೆ ಹಿಡಿಯಬೇಕೋ ಎಂಬ ಜಗಳಕ್ಕೆ ಹೋಗಬೇಡಿ, ಎರಡೂ ಸರಿ. ಇನ್ನೊಂದು ಕೈಯ ಕೆಲಸವೇ ನಿಜವಾಗಿ ಹೆಚ್ಚು ನಾಜೂಕಿನದು. ದಾರ ಕಿರುಬೆರಳಿಗೆ ಒಂದು ಸುತ್ತು ಬಂದು, ತೋರುಬೆರಳಿನ ಮೇಲೆ ಹಾದು ಕಡ್ಡಿಗೆ ಹೋಗಲಿ. ಹೆಬ್ಬೆರಳು ಮತ್ತು ನಡುಬೆರಳು ಹೆಣೆದ ಭಾಗವನ್ನು ಕಡ್ಡಿಗೆ ತೀರ ಹತ್ತಿರದಲ್ಲಿ ಹಿಡಿದಿರಲಿ. ಎರಡು ಮೂರು ಸ್ಟಿಚ್‌ಗೊಮ್ಮೆ ಹಿಡಿತ ಮುಂದಕ್ಕೆ ಸರಿಯಬೇಕು. ಬಹಳ ಜನ ಮೊದಲು ಹಿಡಿದ ಜಾಗದಲ್ಲೇ ಹಿಡಿದು ಕೂರುತ್ತಾರೆ. ಆಗ ಕಡ್ಡಿ ದೂರವಾಗುತ್ತದೆ, ಚೈನ್ ತಿರುಚಿಕೊಳ್ಳುತ್ತದೆ. ಎಡಗೈ ಬಳಸುವವರಿಗೆ ಇದೆಲ್ಲ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವು, ಬೇರೆ ವ್ಯತ್ಯಾಸವಿಲ್ಲ.

ಇನ್ನು ಸ್ಟಿಚ್‌ಗಳಿಗೆ ಬರೋಣ. ಹೆಸರುಗಳು ಎಷ್ಟೇ ಇರಲಿ, ಕ್ರೋಶಾದಲ್ಲಿ ಕ್ರಿಯಾಪದಗಳು ಮೂರೇ: ತೂರಿಸು, ಸುತ್ತು, ಎಳೆ. ಕೊಕ್ಕೆಯನ್ನು ಎಲ್ಲಿಗೋ ತೂರಿಸುತ್ತೀರಿ, ದಾರ ಸುತ್ತುತ್ತೀರಿ, ಸುತ್ತಿದ್ದನ್ನು ಕುಣಿಕೆಯೊಳಗಿನಿಂದ ಎಳೆಯುತ್ತೀರಿ. ಜೀರುಗುಣಿಕೆ ಹಾಕಿ, ಸುತ್ತಿ, ಎಳೆದರೆ ಒಂದು ಚೈನ್. ಸುತ್ತುವಾಗ ದಾರ ಕಡ್ಡಿಯ ಹಿಂದಿನಿಂದ ಮೇಲೆ ಬಂದು ಮುಂದಕ್ಕೆ ಇಳಿಯಬೇಕು. ಕೊಕ್ಕೆಯಿಂದ ದಾರವನ್ನು ಮೇಲಿನಿಂದ ಕುಕ್ಕಿ ಎಳೆದರೂ ಸ್ಟಿಚ್ ಆಗುತ್ತದೆ, ಆದರೆ ಅದು ತಿರುಚಿಕೊಂಡು ಬಿಗಿಯಾಗುತ್ತದೆ. ಗೊಂಬೆ ಹೆಣೆಯುವವರಲ್ಲಿ ಕೆಲವರು ಬೇಕೆಂದೇ ಹಾಗೆ ಮಾಡುತ್ತಾರೆ. ನಿಮಗೆ ಈಗ ಬೇಡ.

ಕಣ್ಣಿನ ಮೊದಲ ಪಾಠ ಈ ಚೈನಿನಲ್ಲೇ ಇದೆ. ಹತ್ತು ಚೈನ್ ಹಾಕಿ ಮೇಜಿನ ಮೇಲೆ ಚಪ್ಪಟೆಯಾಗಿ ಇಡಿ. ಮುಂಭಾಗದಲ್ಲಿ ಜಡೆಯಂತೆ, ಒಂದರೊಳಗೊಂದು ಹೊಕ್ಕ ಬಾಣದ ಮೊನೆಗಳು ಕಾಣುತ್ತವೆ. ಒಂದು ಮೊನೆಗೆ ಎರಡು ಎಳೆ, ಅದೇ ಒಂದು ಚೈನ್. ಮಗುಚಿ ನೋಡಿದರೆ ಬೆನ್ನಿನ ಮೇಲೆ ಪ್ರತಿ ಚೈನಿಗೂ ಒಂದೊಂದು ಪುಟ್ಟ ಉಬ್ಬು. ಈಗ ಎಣಿಸಿ. ಕಡ್ಡಿಯ ಮೇಲಿರುವ ಕುಣಿಕೆ ಲೆಕ್ಕಕ್ಕಿಲ್ಲ. ಬುಡದ ಜೀರುಗುಣಿಕೆಯ ಗಂಟೂ ಲೆಕ್ಕಕ್ಕಿಲ್ಲ. ಇವೆರಡರ ನಡುವಿನ ಮೊನೆಗಳಷ್ಟೇ ಲೆಕ್ಕ. ಹೊಸಬರ ಎಣಿಕೆ ಒಂದೆರಡು ತಪ್ಪುವುದು ಮೊದಲು ಇಲ್ಲೇ.

ಚೈನ್ ಆದಮೇಲೆ ಸಿಂಗಲ್ ಕ್ರೋಶಾ ಒಂದನ್ನೇ ಹಿಡಿದುಕೊಳ್ಳಿ. ಡಬಲ್ ಬೇಗ ಬೆಳೆಯುತ್ತದೆ, ಹಾಗಾಗಿ ಮೊದಲು ಅದನ್ನೇ ಕಲಿಸಬೇಕು ಎನ್ನುವವರೂ ಇದ್ದಾರೆ. ನನ್ನ ಅನುಭವ ಬೇರೆ. ಸಿಂಗಲ್‌ನಲ್ಲಿ ತಲೆಯನ್ನು ಗುರುತಿಸಲು ಬಂದವರಿಗೆ ಡಬಲ್ ಒಂದು ಸಂಜೆಯಲ್ಲಿ ಬರುತ್ತದೆ. ಡಬಲ್‌ನಿಂದ ಆರಂಭಿಸಿದವರು ಸ್ಟಿಚ್‌ನ ತಲೆಗೂ ಪಕ್ಕದ ಸಂದಿಗೂ ವ್ಯತ್ಯಾಸ ತಿಳಿಯದೆ ಬಹಳ ದಿನ ಒದ್ದಾಡುತ್ತಾರೆ.

20 ಸ್ಟಿಚ್ ಬೇಕೆಂದರೆ 21 ಚೈನ್ ಹಾಕಿ. ಕಡ್ಡಿಯಿಂದ ಎಣಿಸಿದರೆ ಮೊದಲನೆಯ ಚೈನನ್ನು ಬಿಟ್ಟು ಎರಡನೆಯದಕ್ಕೆ ಹೋಗಿ. ಬಾಣದ ಮೊನೆಯ ಎರಡು ಎಳೆಗಳಲ್ಲಿ ಮೇಲಿನ ಎಳೆ ಮತ್ತು ಬೆನ್ನಿನ ಉಬ್ಬು ಎರಡರ ಕೆಳಗೂ ಕೊಕ್ಕೆ ತೂರಲಿ. ಕಷ್ಟವೆನಿಸಿದರೆ ಮೊದಲ ಸಾಲಿಗೆ ಮಾತ್ರ ಮೇಲಿನ ಒಂದೇ ಎಳೆಯ ಕೆಳಗೆ ತೂರಿಸಿದರೂ ತೊಂದರೆಯಿಲ್ಲ, ಇಡೀ ಸಾಲು ಒಂದೇ ರೀತಿ ಇದ್ದರೆ ಸಾಕು. ದಾರ ಸುತ್ತಿ, ಹೊರಕ್ಕೆ ಎಳೆಯಿರಿ. ಈ ಎಳೆಯುವ ಕ್ಷಣದಲ್ಲಿ ಮಣಿಕಟ್ಟನ್ನು ತುಸು ತಿರುಗಿಸಿ, ಕೊಕ್ಕೆಯ ಬಾಯಿ ನೆಲ ನೋಡುವಂತೆ ಮಾಡಿದರೆ ಅದು ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ. ನೇರ ನಿಂತ ಕೊಕ್ಕೆ ದಾರಿಯಲ್ಲಿ ಸಿಕ್ಕ ಎಳೆಯನ್ನೆಲ್ಲ ಹಿಡಿದು ಜಗ್ಗುತ್ತದೆ. ದಾರ ಸೀಳುತ್ತದೆ ಎಂದು ದಾರವನ್ನು ಬೈಯುವವರ ಮಣಿಕಟ್ಟನ್ನು ನೋಡಿ, ಸಾಮಾನ್ಯವಾಗಿ ಅದು ಅಲುಗಿಯೇ ಇರುವುದಿಲ್ಲ. ಈಗ ಕಡ್ಡಿಯ ಮೇಲೆ ಎರಡು ಕುಣಿಕೆ. ಮತ್ತೆ ಸುತ್ತಿ, ಎರಡರೊಳಗಿಂದಲೂ ಒಟ್ಟಿಗೆ ಎಳೆಯಿರಿ. ಒಂದು ಸಿಂಗಲ್ ಕ್ರೋಶಾ ಆಯಿತು.

ಇಲ್ಲಿ ನಿಲ್ಲಿ. ಕಡ್ಡಿಯನ್ನು ಕೆಳಗಿಡಿ (ಕುಣಿಕೆಗೆ ಒಂದು ಸೇಫ್ಟಿ ಪಿನ್ ಹಾಕಿಬಿಡಿ, ಬಿಚ್ಚಿಕೊಳ್ಳುವ ಭಯವಿರುವುದಿಲ್ಲ) ಮತ್ತು ಮೇಲಿನಿಂದ ಬಗ್ಗಿ ನೋಡಿ. ನೀವು ಈಗಷ್ಟೇ ಮಾಡಿದ ಸ್ಟಿಚ್‌ನ ತಲೆಯ ಮೇಲೆ ಮತ್ತೆ ಅದೇ ಬಾಣದ ಮೊನೆ, ಎರಡು ಎಳೆಗಳೊಂದಿಗೆ ಮಲಗಿದೆ. ಕ್ರೋಶಾದ ಯಾವ ಸ್ಟಿಚ್ ಆದರೂ ತಲೆ ಹೀಗೆಯೇ ಇರುತ್ತದೆ, ಉದ್ದ ಗಿಡ್ಡ ಏನಿದ್ದರೂ ಕಾಲಿನಲ್ಲಿ. ಮುಂದಿನ ಸಾಲಿನಲ್ಲಿ ಕಡ್ಡಿ ಎಲ್ಲಿ ತೂರಬೇಕು ಎಂದು ಕೇಳಿದ್ದೀರಲ್ಲ, ಈ ಮೊನೆಯ ಎರಡೂ ಎಳೆಗಳ ಕೆಳಗೆ. ಒಂದೇ ಎಳೆಯ ಕೆಳಗೆ ತೂರಿಸಿದರೆ ಉಳಿದ ಎಳೆ ಗೀಟಿನಂತೆ ಎದ್ದು ಕಾಣುತ್ತದೆ, ಬಟ್ಟೆ ಹಿಗ್ಗುತ್ತದೆ. ಆ ಗೀಟು ಬೇಕೆಂದು ಹಾಗೆ ಹೆಣೆಯುವ ವಿನ್ಯಾಸಗಳಿವೆ. ಆದರೆ ಏನೂ ಹೇಳದಿದ್ದಾಗ ಎರಡೂ ಎಳೆ ಎಂದೇ ಅರ್ಥ.

ಕಡ್ಡಿ ಎಲ್ಲಿ ತೂರಬೇಕು ಎಂಬ ನಿಮ್ಮ ಪ್ರಶ್ನೆ ಸಣ್ಣದೆಂದುಕೊಳ್ಳಬೇಡಿ. ಸ್ವೆಟರಿನ ಹೆಣಿಗೆಯನ್ನು ಯಂತ್ರಗಳು ಶತಮಾನಗಳಿಂದ ಮಾಡುತ್ತಿವೆ. ಕೈಯ ಕ್ರೋಶಾವನ್ನು ಹಾಗೆಯೇ ರಾಶಿ ರಾಶಿ ಹೆಣೆದು ಹಾಕುವ ಕಾರ್ಖಾನೆಯ ಯಂತ್ರ ಮಾತ್ರ ಇಂದಿಗೂ ಬಳಕೆಗೆ ಬಂದಿಲ್ಲ. ಸ್ವೆಟರಿನಲ್ಲಿ ಕುಣಿಕೆಗಳೆಲ್ಲ ಸೂಜಿಯ ಮೇಲೆ ಸಾಲಾಗಿ ಕಾಯುತ್ತಿರುತ್ತವೆ. ಕ್ರೋಶಾದಲ್ಲಿ ಪ್ರತಿ ಸಲವೂ ಕೊಕ್ಕೆಗೆ ಹೊಸದಾಗಿ ಜಾಗ ಹುಡುಕಿಕೊಡಬೇಕು, ಯಂತ್ರಕ್ಕೆ ಕಷ್ಟವಾಗಿರುವುದು ಅದೇ.

ಈಗ ನಿಮ್ಮ ಕಳೆದುಹೋದ ಏಳು ಸ್ಟಿಚ್‌ಗಳ ವಿಚಾರ. ಸಾಲಿನ ನಡುವೆ ಸ್ಟಿಚ್ ತಪ್ಪುವವರು ಕಡಿಮೆ. ತಪ್ಪುವುದು ತುದಿಯಲ್ಲಿ. ಸಾಲು ಮುಗಿಸಿ, ಒಂದು ಚೈನ್ ಹಾಕಿ, ತುಂಡನ್ನು ತಿರುಗಿಸುತ್ತೀರಿ. ಆ ಒಂದು ಚೈನ್ ಮುಂದಿನ ಸಾಲಿನ ಎತ್ತರಕ್ಕೆ ಏರುವ ಮೆಟ್ಟಿಲು ಅಷ್ಟೇ, ಸಿಂಗಲ್ ಕ್ರೋಶಾದಲ್ಲಿ ಅದನ್ನು ಸ್ಟಿಚ್ ಎಂದು ಎಣಿಸುವುದಿಲ್ಲ. ಆದ್ದರಿಂದ ಹೊಸ ಸಾಲಿನ ಮೊದಲ ಸಿಂಗಲ್, ಆ ಮೆಟ್ಟಿಲಿನ ಬುಡದಲ್ಲೇ ಇರುವ ಮೊದಲ ತಲೆಗೆ ಬೀಳಬೇಕು. ಅದು ಮೆಟ್ಟಿಲಿನ ನೆರಳಿನಲ್ಲಿ ಅಡಗಿರುವುದರಿಂದ ಹೊಸಬರು ಅದನ್ನು ದಾಟಿ ಎರಡನೆಯದಕ್ಕೆ ಹೋಗುತ್ತಾರೆ. ಒಂದು ಹೋಯಿತು. ಸಾಲಿನ ಇನ್ನೊಂದು ತುದಿಯಲ್ಲಿ ಕೊನೆಯ ತಲೆ ಅಂಚಿನಿಂದ ಆಚೆ ಬಾಗಿಕೊಂಡಿರುತ್ತದೆ, ತುಂಡು ಅಲ್ಲಿಗೇ ಮುಗಿಯಿತೆಂದು ಕಣ್ಣಿಗೆ ಅನಿಸುತ್ತದೆ. ಇನ್ನೊಂದು ಹೋಯಿತು. ಇನ್ನು ಕೆಲವರು ಅಂಚು ಎಂದುಕೊಂಡು ಹಿಂದಿನ ಸಾಲಿನ ಮೆಟ್ಟಿಲಿನೊಳಕ್ಕೇ ಒಂದು ಸ್ಟಿಚ್ ಹೆಣೆದುಬಿಡುತ್ತಾರೆ, ಅವರ ಚೌಕ ಅಗಲವಾಗುತ್ತ ಹೋಗುತ್ತದೆ. ಕೆಲವು ಸಲ ಒಂದು ತುದಿಯಲ್ಲಿ ಬಿಟ್ಟು ಇನ್ನೊಂದು ತುದಿಯಲ್ಲಿ ಸೇರಿಸಿ, ಎಣಿಕೆ ಸರಿಯಿದ್ದೂ ತುಂಡು ಓರೆಯಾಗಿ ವಾಲುವುದುಂಟು. ಆಗಂತೂ ಪತ್ತೆ ಹಚ್ಚುವುದು ಇನ್ನೂ ಕಷ್ಟ.

ಪರಿಹಾರ ಎರಡು ಪಿನ್ನುಗಳಲ್ಲಿದೆ. ಸಾಲಿನ ಮೊದಲ ಸ್ಟಿಚ್ ಮಾಡಿದ ಕೂಡಲೇ ಅದರ ತಲೆಗೆ ಒಂದು ಸೇಫ್ಟಿ ಪಿನ್ ಅಥವಾ ಬೇರೆ ಬಣ್ಣದ ದಾರದ ತುಂಡು ಸಿಕ್ಕಿಸಿ. ಕೊನೆಯ ಸ್ಟಿಚ್‌ನ ತಲೆಗೂ ಒಂದು. ತಿರುಗಿಸಿ ಮರಳಿ ಬಂದಾಗ ಪಿನ್ ಇರುವ ತಲೆಗೆ ಸ್ಟಿಚ್ ಬೀಳದೆ ಸಾಲು ಆರಂಭವಾಗಬಾರದು, ಮುಗಿಯಲೂಬಾರದು. ಪ್ರತಿ ಸಾಲಿನ ಕೊನೆಯಲ್ಲಿ ಎಣಿಸಿ. ಬೇಸರದ ಕೆಲಸ, ನಿಜ. ಆದರೆ 20 ಎಣಿಸಲು ಅರ್ಧ ನಿಮಿಷ ಸಾಕು, ಹತ್ತು ಸಾಲು ಬಿಚ್ಚುವ ಸಂಕಟದ ಮುಂದೆ ಅದೇನೂ ಅಲ್ಲ. ಒಂದು ವಾರದಲ್ಲಿ ಪಿನ್ನಿನ ಅಗತ್ಯ ತಾನಾಗಿ ಕಳಚಿಕೊಳ್ಳುತ್ತದೆ, ಮೆಟ್ಟಿಲು ಯಾವುದು ತಲೆ ಯಾವುದು ಎಂದು ಕಣ್ಣೇ ಬೇರ್ಪಡಿಸುತ್ತದೆ.

ಉಳಿದ ಸ್ಟಿಚ್‌ಗಳನ್ನು ಬೇಗ ಬೇಗ ನೋಡಿಬಿಡೋಣ. ತೂರಿಸುವ ಮೊದಲೇ ಒಂದು ಸಲ ದಾರ ಸುತ್ತಿಕೊಂಡರೆ ಡಬಲ್ ಕ್ರೋಶಾ. ಸುತ್ತಿ, ತೂರಿಸಿ, ಸುತ್ತಿ, ಎಳೆದಾಗ ಕಡ್ಡಿಯ ಮೇಲೆ ಮೂರು ಕುಣಿಕೆ. ಸುತ್ತಿ ಎರಡರೊಳಗಿಂದ ಎಳೆಯಿರಿ, ಮತ್ತೆ ಸುತ್ತಿ ಉಳಿದ ಎರಡರೊಳಗಿಂದ ಎಳೆಯಿರಿ. ಕಂಬದಂತೆ ಎದ್ದು ನಿಂತ ಸ್ಟಿಚ್ ಸಿಗುತ್ತದೆ. ಅದೇ ಮೂರು ಕುಣಿಕೆಗಳಿರುವಾಗ ಒಂದೇ ಏಟಿಗೆ ಮೂರರೊಳಗಿಂದಲೂ ಎಳೆದರೆ ಹಾಫ್ ಡಬಲ್, ಎತ್ತರದಲ್ಲಿ ಸಿಂಗಲ್‌ಗೂ ಡಬಲ್‌ಗೂ ನಡುವಿನದು. ಮೊದಲೇ ಎರಡು ಸಲ ಸುತ್ತಿಕೊಂಡು, ಎರಡೆರಡಾಗಿ ಮೂರು ಸಲ ಎಳೆದರೆ ಟ್ರೆಬಲ್. ಕಂಬಗಳು ಒಂದು ಗಿಡ್ಡ ಒಂದು ಉದ್ದ ಆಗುತ್ತಿದ್ದರೆ ಕಾರಣ ಆ ಮೊದಲ ಎಳೆತ. ತೂರಿಸಿದ ಮೇಲೆ ಹೊರಗೆ ಎಳೆದ ಕುಣಿಕೆ ಎಷ್ಟು ಎತ್ತರಕ್ಕೆ ಬಂತೋ ಇಡೀ ಕಂಬದ ಎತ್ತರ ಅದರ ಮೇಲೆ ನಿಂತಿದೆ. ಸ್ಲಿಪ್ ಸ್ಟಿಚ್ ಎಂಬುದಕ್ಕೆ ಎತ್ತರವೇ ಇಲ್ಲ. ತೂರಿಸಿ, ಸುತ್ತಿ, ಎದುರಿಗೆ ಬಂದದ್ದೆಲ್ಲದರೊಳಗಿಂದ ಎಳೆದುಬಿಟ್ಟರೆ ಆಯಿತು. ಸುತ್ತುಗಳನ್ನು ಕೂಡಿಸಲು, ಹೆಣೆದ ಅಂಚಿನ ಮೇಲೆ ಸದ್ದಿಲ್ಲದೆ ಮುಂದಕ್ಕೆ ಸಾಗಲು ಅದು ಬೇಕು.

ಎತ್ತರ ಬದಲಾದಂತೆ ಮೆಟ್ಟಿಲೂ ಬದಲಾಗುತ್ತದೆ: ಹಾಫ್ ಡಬಲ್‌ಗೆ 2 ಚೈನ್, ಡಬಲ್‌ಗೆ 3, ಟ್ರೆಬಲ್‌ಗೆ 4. ನೀವು ಸಿಂಗಲ್‌ನಲ್ಲಿ ಕಲಿತ ತುದಿಯ ಲೆಕ್ಕ ಡಬಲ್‌ಗೆ ಬಂದಾಗ ತಲೆಕೆಳಗಾಗುತ್ತದೆ, ಎಚ್ಚರ. ಡಬಲ್‌ನಲ್ಲಿ ಆ 3 ಚೈನಿನ ಮೆಟ್ಟಿಲನ್ನು ಸಾಮಾನ್ಯವಾಗಿ ಒಂದು ಸ್ಟಿಚ್ ಎಂದೇ ಎಣಿಸುತ್ತಾರೆ. ಅದಕ್ಕೇ 20 ಡಬಲ್ ಬೇಕಾದರೆ 22 ಚೈನ್ ಹಾಕಿ ಕಡ್ಡಿಯಿಂದ ನಾಲ್ಕನೆಯ ಚೈನಿಗೆ ಮೊದಲ ಕಂಬ ಹಾಕುವುದು. ಬಿಟ್ಟ ಮೂರು ಚೈನ್ ಸೇರಿ ಒಂದು ಕಂಬ, ಉಳಿದ 19ರಲ್ಲಿ 19 ಕಂಬ. ಮುಂದಿನ ಸಾಲುಗಳಲ್ಲಿ 3 ಚೈನ್ ಹಾಕಿ ತಿರುಗಿಸಿದಾಗ ಬುಡದ ಮೊದಲ ತಲೆಯನ್ನು ಬಿಟ್ಟು ಎರಡನೆಯದಕ್ಕೆ ಹೋಗಬೇಕು, ಸಾಲಿನ ಕೊನೆಯ ಕಂಬವನ್ನು ಹಿಂದಿನ ಸಾಲಿನ ಮೆಟ್ಟಿಲಿನ ಮೂರನೆಯ ಚೈನಿನ ತಲೆಗೆ ಹಾಕಬೇಕು. ಆ ತಲೆ ಕೃಶವಾಗಿ, ತಿರುಚಿಕೊಂಡು, ಸ್ಟಿಚ್ ಎಂದೇ ಅನಿಸದಂತೆ ನಿಂತಿರುತ್ತದೆ. ಪಿನ್ ಅಲ್ಲಿರಲಿ. ಅಂಚಿನಲ್ಲಿ ಸಂದಿ ಕಾಣುವುದು ಇಷ್ಟವಾಗದವರು 2 ಚೈನ್ ಹಾಕಿ ಅದನ್ನು ಎಣಿಸದೆ, ಮೊದಲ ತಲೆಗೇ ಕಂಬ ಹಾಕುತ್ತಾರೆ. ನಾನೂ ಹಾಗೆಯೇ ಮಾಡುತ್ತೇನೆ. ಯಾವುದನ್ನಾದರೂ ಮಾಡಿ, ಒಂದೇ ತುಂಡಿನಲ್ಲಿ ಎರಡನ್ನೂ ಬೆರೆಸಬೇಡಿ.

ಹೆಸರಿನ ಗೊಂದಲಕ್ಕೆ ಉತ್ತರ ಸುಲಭ. ಅಮೆರಿಕದವರೂ ಬ್ರಿಟನ್ನಿನವರೂ ಒಂದೇ ಸ್ಟಿಚ್‌ಗಳಿಗೆ ಒಂದು ಮೆಟ್ಟಿಲು ಹೆಚ್ಚುಕಡಿಮೆ ಮಾಡಿ ಹೆಸರಿಟ್ಟಿದ್ದಾರೆ. ಅಮೆರಿಕದ ಸಿಂಗಲ್ ಬ್ರಿಟನ್ನಿನಲ್ಲಿ ಡಬಲ್, ಅಮೆರಿಕದ ಡಬಲ್ ಬ್ರಿಟನ್ನಿನಲ್ಲಿ ಟ್ರೆಬಲ್, ಅಮೆರಿಕದ ಟ್ರೆಬಲ್ ಬ್ರಿಟನ್ನಿನಲ್ಲಿ ಡಬಲ್ ಟ್ರೆಬಲ್. ನಾನು ಮೇಲೆ ಬಳಸಿದ್ದು ಅಮೆರಿಕದ ಹೆಸರುಗಳು. ವಿನ್ಯಾಸವೊಂದರಲ್ಲಿ ‘ಸಿಂಗಲ್ ಕ್ರೋಶಾ’ ಎಂಬ ಮಾತು ಎಲ್ಲಾದರೂ ಸಿಕ್ಕರೆ ಅದು ಅಮೆರಿಕದ ಪದ್ಧತಿಯದೇ, ಏಕೆಂದರೆ ಇಂದಿನ ಬ್ರಿಟಿಷ್ ಪದ್ಧತಿಯಲ್ಲಿ ಆ ಹೆಸರೇ ಬಳಕೆಯಲ್ಲಿಲ್ಲ. ಇದಕ್ಕಿಂತಲೂ ನೆಮ್ಮದಿಯದು ಚಿತ್ರದ ಭಾಷೆ. ಚೈನಿಗೆ ಒಂದು ಮೊಟ್ಟೆಯಾಕಾರ, ಸ್ಲಿಪ್ ಸ್ಟಿಚ್‌ಗೆ ಚುಕ್ಕಿ, ಸಿಂಗಲ್‌ಗೆ ಗುಣಿಸುವ ಅಥವಾ ಕೂಡಿಸುವ ಚಿಹ್ನೆ, ಹಾಫ್ ಡಬಲ್‌ಗೆ ತಲೆಯ ಮೇಲೆ ಅಡ್ಡಗೆರೆಯಿರುವ ಕಂಬ, ಡಬಲ್‌ಗೆ ಅದೇ ಕಂಬದ ನಡುವೆ ಒಂದು ಓರೆಗೆರೆ, ಟ್ರೆಬಲ್‌ಗೆ ಎರಡು. ಡಬಲ್‌ನಿಂದ ಮುಂದಕ್ಕೆ ಓರೆಗೆರೆ ಎಷ್ಟಿವೆಯೋ ತೂರಿಸುವ ಮುನ್ನ ಅಷ್ಟು ಸಲ ದಾರ ಸುತ್ತಿಕೊಳ್ಳಬೇಕು. ಈ ಚಿತ್ರಗಳನ್ನು ಓದಲು ಕಲಿತರೆ ಜಪಾನಿನ ವಿನ್ಯಾಸವನ್ನೂ ಅಲ್ಲಿನ ಒಂದಕ್ಷರ ಬಾರದೆ ಹೆಣೆಯಬಹುದು.

ಚೌಕ ಕೈಗೆ ಬಂದ ಮೇಲೆ ವೃತ್ತಕ್ಕೆ ಹೋಗಿ. ನನಗೆ ಕ್ರೋಶಾ ನಿಜಕ್ಕೂ ಹಿಡಿಸಿದ್ದು ಅಲ್ಲಿ. ಎರಡು ಚೈನ್ ಹಾಕಿ, ಕಡ್ಡಿಯಿಂದ ಎರಡನೆಯ ಚೈನಿಗೇ 6 ಸಿಂಗಲ್ ಹೆಣೆಯಿರಿ, ಪುಟ್ಟ ಹೂವಿನಂತೆ ಸುತ್ತಿಕೊಳ್ಳುತ್ತದೆ. ಎರಡನೆಯ ಸುತ್ತಿನಲ್ಲಿ ಪ್ರತಿ ತಲೆಗೂ ಎರಡೆರಡು, ಒಟ್ಟು 12. ಮೂರನೆಯದರಲ್ಲಿ ಒಂದು ತಲೆಗೆ ಎರಡು, ಪಕ್ಕದ್ದಕ್ಕೆ ಒಂದು, ಹೀಗೆ 18. ಆಮೇಲೆ 24, 30. ಸುತ್ತಿಗೆ ಆರೇ ಏಕೆ ಹೆಚ್ಚಬೇಕು ಎಂದು ಹಲವರಿಗೆ ಹೊಳೆಯುವುದಿಲ್ಲ. ಸಿಂಗಲ್‌ನ ಎತ್ತರವೂ ಅಗಲವೂ ಹೆಚ್ಚುಕಡಿಮೆ ಸಮ. ಒಂದು ಸುತ್ತು ಹೆಣೆದರೆ ವೃತ್ತದ ತ್ರಿಜ್ಯ ಒಂದು ಸ್ಟಿಚ್‌ನಷ್ಟು ಬೆಳೆಯುತ್ತದೆ. ಆಗ ಪರಿಧಿ 6.28ರಷ್ಟು ಬೆಳೆಯಬೇಕು, ಶಾಲೆಯಲ್ಲಿ ಕಲಿತ ಎರಡು ಪೈ. ಅದಕ್ಕೇ ಆರು. ಡಬಲ್‌ನ ಕಂಬ ಸುಮಾರು ಎರಡರಷ್ಟು ಎತ್ತರವಾದ್ದರಿಂದ ಅಲ್ಲಿ ಸುತ್ತಿಗೆ 12.

ಆರಕ್ಕಿಂತ ಕಡಿಮೆ ಸೇರಿಸಿದರೆ ವೃತ್ತ ಬಟ್ಟಲಿನಂತೆ ಮೇಲೇಳುತ್ತದೆ. ಟೋಪಿ, ಗೊಂಬೆಯ ತಲೆ ಆಗುವುದು ಹಾಗೆಯೇ. ಹೆಚ್ಚು ಸೇರಿಸಿದರೆ ಅಂಚು ನೆರಿಗೆ ನೆರಿಗೆಯಾಗಿ ಅಲೆಯುತ್ತದೆ. ಈ ಎರಡನೆಯದನ್ನು ತಪ್ಪೆಂದು ಬಿಚ್ಚಿದವರೇ ಎಲ್ಲರೂ. ಆದರೆ ಲಾಟ್ವಿಯಾ ಮೂಲದ ಗಣಿತಜ್ಞೆ ಡೈನಾ ತೈಮಿನಾ 1997ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದಾಗ ಅದನ್ನೇ ಬೇಕೆಂದು ಹೆಣೆದರು. ಪ್ರತಿ ಸಾಲಿನಲ್ಲೂ ಒಂದೇ ಅನುಪಾತದಲ್ಲಿ ಸ್ಟಿಚ್ ಹೆಚ್ಚಿಸುತ್ತ ಹೋಗಿ, ವಿದ್ಯಾರ್ಥಿಗಳು ಮುಟ್ಟಿ ನೋಡಬಹುದಾದ ಹೈಪರ್ಬೋಲಿಕ್ ಜ್ಯಾಮಿತಿಯ (ಹೀಗೆ ಅಲೆಯಲೆಯಾಗಿ ಬಾಗುವ ಮೇಲ್ಮೈಗಳ ಗಣಿತ) ಮಾದರಿ ಮಾಡಿದರು. ಹಾಗಾಗಿ ನಿಮ್ಮ ವೃತ್ತ ಅಲೆಯಲೆಯಾದರೆ ಬಿಚ್ಚುವ ಮೊದಲು ಒಂದು ಗಳಿಗೆ ಕೈಯಲ್ಲಿ ಹಿಡಿದು ನೋಡಿ, ಅಷ್ಟಕ್ಕೆ ಅದು ಅರ್ಹ.

ಕ್ರಮ ಕೇಳಿದ್ದೀರಿ. ಚೈನ್, ಸಿಂಗಲ್, ಆಮೇಲೆ ಡಬಲ್. ಹಾಫ್ ಡಬಲ್ ನಡುವೆ ಎಲ್ಲಾದರೂ ತಾನಾಗಿ ಬರುತ್ತದೆ. ಸ್ಲಿಪ್ ಸ್ಟಿಚ್ ಬೇಕಾಗುವುದು ವೃತ್ತಕ್ಕೆ, ಅಲ್ಲಿಯವರೆಗೆ ಅದರ ಗೊಡವೆ ಬೇಡ. ಟ್ರೆಬಲ್ ಕಾದಿರಲಿ. ದಿನಕ್ಕೆ ಅರ್ಧ ಗಂಟೆ ಕುಳಿತರೂ ಎರಡು ಮೂರು ವಾರದಲ್ಲಿ ಇಷ್ಟು ಕೈಗೆ ಕೂರುತ್ತದೆ ಎಂದು ಕಲಿಸಿದ ಅನುಭವದಿಂದ ಹೇಳುತ್ತೇನೆ. ಅರ್ಧ ಗಂಟೆಗಿಂತ ಹೆಚ್ಚು ಒಂದೇ ಸಮನೆ ಕೂರಬೇಡಿ. ಹೊಸಬರು ಕಡ್ಡಿಯನ್ನು ಕಳ್ಳನನ್ನು ಹಿಡಿದಂತೆ ಹಿಡಿಯುತ್ತಾರೆ, ಹೆಬ್ಬೆರಳಿನ ಬುಡ ಮತ್ತು ಮಣಿಕಟ್ಟು ನೋಯುವುದು ಅದರಿಂದ. ನೋವು ಬಂದರೆ ಅಲ್ಲಿಗೆ ನಿಲ್ಲಿಸಿ.

ಮುಗಿಸುವ ಮಾತೂ ಸ್ವಲ್ಪ. ಕೊನೆಯಲ್ಲಿ ದಾರವನ್ನು ಗೇಣುದ್ದ ಬಿಟ್ಟು ಕತ್ತರಿಸಿ, ಕೊನೆಯ ಕುಣಿಕೆಯೊಳಗಿಂದ ಪೂರ್ತಿ ಎಳೆದುಬಿಡಿ. ಆ ಬಾಲವನ್ನು ಮೊಂಡು ತುದಿಯ ದಪ್ಪ ಸೂಜಿಗೆ ಪೋಣಿಸಿ ಸ್ಟಿಚ್‌ಗಳ ಒಳಗೆ ಒಂದು ದಿಕ್ಕಿಗೆ, ಹಿಂದಕ್ಕೆ, ಮತ್ತೆ ಮುಂದಕ್ಕೆ ಹಾಯಿಸಿ. ಒಂದೇ ದಿಕ್ಕಿಗೆ ಹಾಯಿಸಿದ ಬಾಲ ಎರಡು ಒಗೆತಕ್ಕೆ ಹೊರಗೆ ಇಣುಕುತ್ತದೆ. ಗಂಟು ಹಾಕಿ ಕತ್ತರಿಸಿಬಿಡುವ ಅಭ್ಯಾಸ ಬೇಡವೇ ಬೇಡ. ಅಕ್ರಿಲಿಕ್ ತುಂಡಿನ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಒತ್ತಬೇಡಿ, ನಾರು ಕರಗಿ ಜೋಲು ಬಿದ್ದದ್ದು ಮತ್ತೆ ಸರಿಯಾಗುವುದಿಲ್ಲ.

ಇನ್ನು ನಿಮ್ಮ ಆ ತ್ರಿಕೋನ. ಅದನ್ನು ಬಿಚ್ಚಿಲ್ಲ ತಾನೇ? ಬಿಚ್ಚಬೇಡಿ. ಕಿಟಕಿಯ ಬೆಳಕಿನಲ್ಲಿ ಮೇಜಿನ ಮೇಲೆ ಹಾಸಿ, ಬುಡದ ಸಾಲಿನಿಂದ ಒಂದೊಂದೇ ಅಂಚನ್ನು ಮೇಲಕ್ಕೆ ಹಿಂಬಾಲಿಸಿ. ಎಲ್ಲಿ ಒಂದು ತಲೆಯ ಮೇಲೆ ಯಾವ ಕಾಲೂ ನಿಂತಿಲ್ಲವೋ, ಬಾಣದ ಮೊನೆಯೊಂದು ಯಾರೂ ಮುಟ್ಟದೆ ಖಾಲಿ ಮಲಗಿದೆಯೋ, ಅಲ್ಲಿಗೆ ಒಂದು ಪಿನ್ ಚುಚ್ಚಿ. ಅಂಥವು ಏಳು ಇರಬೇಕು. ಏಳೂ ಸಿಕ್ಕ ಮೇಲೆ ಪಿನ್ನುಗಳನ್ನು ತೆಗೆದು, ದಾರದ ತುದಿ ಎಳೆಯಿರಿ. ಕ್ರೋಶಾದಲ್ಲಿ ಜೀವಂತವಾಗಿರುವುದು ಒಂದೇ ಕುಣಿಕೆಯಾದ್ದರಿಂದ ಅದು ಸರಸರನೆ ಬಿಚ್ಚಿಕೊಂಡು ಬರುತ್ತದೆ. ಉಂಡೆ ಸುತ್ತಿ, 21 ಚೈನ್ ಹಾಕಿ.